ನಲವತ್ತು ಡ್ರಮ್ ಸೋಪಿನ ನೀರು

ಅಳಿಯ ಮ್ಯಾನೇಜರನ ಮೂಗು ಮುರಿದವಳು ನಾನೇ. ಗಾಜಿನ ಪೇಪರ್‌ವೇಟಿನಿಂದ, ಒಂದೇ ಏಟಿಗೆ. ಅದರ ಬಗ್ಗೆ ನನಗೆ ಎಳ್ಳಷ್ಟೂ ಪಶ್ಚಾತ್ತಾಪವಿಲ್ಲ. ಪಶ್ಚಾತ್ತಾಪ ಇರುವುದು ಬೇರೆಯದಕ್ಕೆ. ಅದಕ್ಕೆ ಆಮೇಲೆ ಬರುತ್ತೇನೆ.

ನಮ್ಮದು ಗಾಜಿಗೆ ಮಸುಕು ಹಿಡಿಸುವ ಕಾರ್ಖಾನೆ. ಬಚ್ಚಲುಮನೆಯ ಕಿಟಕಿಗೆ ಹಾಕುತ್ತಾರಲ್ಲ, ಆ ಕಡೆಯ ಬೆಳಕು ಕಾಣಬೇಕು, ಮನುಷ್ಯ ಕಾಣಬಾರದು ಅನ್ನುವಂಥ ಗಾಜು, ಅದು. ಗಾಜಿಗೆ ಆ ಮಸುಕು ಹಿಡಿಸುವುದು ಒಂದು ಆಸಿಡ್. ಕಾಗದದ ಮೇಲೆ ಅದರ ಹೆಸರು ಹೈಡ್ರೋಫ್ಲೋರಿಕ್, ನಮ್ಮ ಬಾಯಲ್ಲಿ ಎಚ್ಚೆಫ್. ನೋಡಲು ಥೇಟ್ ನೀರು. ಗಾಜನ್ನೇ ತಿನ್ನುವುದರಿಂದ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಇಡುತ್ತೇವೆ. ಮೈಮೇಲೆ ಬಿದ್ದರೆ ಮೊದಲು ಉರಿಯುವುದೇ ಇಲ್ಲ, ಅದೇ ಅದರ ಕಳ್ಳಬುದ್ಧಿ. ಒಂದೆರಡು ಗಂಟೆ ಸುಮ್ಮನಿದ್ದು, ಚರ್ಮ ದಾಟಿ, ಮಾಂಸ ದಾಟಿ, ಮೂಳೆಯಲ್ಲಿರುವ ಸುಣ್ಣಕ್ಕೆ ಬಾಯಿ ಹಾಕುತ್ತದೆ. ರಕ್ತದಲ್ಲಿರುವ ಸುಣ್ಣವನ್ನೂ ಬಿಡುವುದಿಲ್ಲ. ಅದು ಇಳಿದರೆ ಗುಂಡಿಗೆ ನಿಲ್ಲುತ್ತದೆ. ಇದೆಲ್ಲ ನನಗೆ ಬಾಯಿಪಾಠ, ಯಾಕೆಂದರೆ ವರ್ಷಕ್ಕೊಮ್ಮೆ ಇದನ್ನು ವರದಿಯಲ್ಲಿ ಬರೆದು ಸರ್ಕಾರಕ್ಕೆ ಕಳಿಸುವುದು ನನ್ನ ಕೆಲಸ.

ನಿಯಮ ಸರಳವಾಗಿದೆ. ಗೇಟಿನೊಳಗೆ ಇಪ್ಪತ್ತು ಡ್ರಮ್ಮಿನವರೆಗೆ ಇದ್ದರೆ ಒಂದು ಹಾಳೆಯ ಸಣ್ಣ ವರದಿ. ಇಪ್ಪತ್ತು ದಾಟಿದರೆ ದೊಡ್ಡ ವರದಿ. ದೊಡ್ಡದಾದರೆ ಅಗ್ನಿಶಾಮಕದವರಿಗೆ ಪಟ್ಟಿ ಕೊಡಬೇಕು, ಆಸ್ಪತ್ರೆಗೆ ಮೊದಲೇ ತಿಳಿಸಿ ಔಷಧಿ ಇರಿಸಬೇಕು, ಸುತ್ತಲ ಮನೆಗಳಿಗೆ ಹೋಗಿ ಇಂಥದ್ದು ಇಲ್ಲಿದೆ ಅಂತ ಹೇಳಬೇಕು, ಉಗ್ರಾಣಕ್ಕೆ ಹೊಸ ಗೋಡೆ ಕಟ್ಟಬೇಕು. ನಮ್ಮಲ್ಲಿ ಯಾವಾಗಲೂ ಇರುತ್ತಿದ್ದದ್ದು ಐವತ್ತೆಂಟು.

ಹನ್ನೊಂದು ವರ್ಷದ ಹಿಂದೆ ಅಳಿಯ ಮ್ಯಾನೇಜರ್ ತಲೆ ಮೇಲೆ ಕೈ ಹೊತ್ತು ಕೂತಿದ್ದ. ಯಜಮಾನರ ಮಗಳನ್ನು ಮದುವೆಯಾಗಿ ಕುರ್ಚಿಗೆ ಬಂದವನು, ಕುರ್ಚಿ ಬಿಟ್ಟು ಬೇರೇನೂ ಗೊತ್ತಿಲ್ಲ. ನಾನು ಫಾರಮ್ಮನ್ನು ಎರಡು ಸಲ ಓದಿ ಹೇಳಿದೆ: "ಸಾರ್, ಅವರು ಕೇಳಿರೋದು ಗೇಟಿನೊಳಗೆ ಎಷ್ಟಿದೆ ಅಂತ. ಎಣಿಸೋ ದಿನ ನಲವತ್ತು ಡ್ರಮ್ ಗೇಟಿನ ಹೊರಗಿದ್ರೆ?"

ಹೌದು, ಆ ತಲೆ ನನ್ನದೇ. ಯಾರೂ ಹೇಳಿಕೊಟ್ಟದ್ದಲ್ಲ.

ಅಂದಿನಿಂದ ಪ್ರತಿ ವರ್ಷ ಎಣಿಕೆಯ ದಿನ ನಲವತ್ತು ಡ್ರಮ್ ಲಾರಿ ಹತ್ತಿ ಊರು ಸುತ್ತಲು ಹೋಗುತ್ತಿದ್ದವು. ಬೆಳಿಗ್ಗೆ ಹೋಗಿ ಸಂಜೆಗೆ ವಾಪಸ್. ದಾರಿಯಲ್ಲಿ ಪೊಲೀಸರು ಕೇಳಿದರೆ ತೋರಿಸಲು ಒಂದು ಚೀಟಿ: ಸೋಪಿನ ನೀರು, ನಲವತ್ತು ಡ್ರಮ್. ಡ್ರಮ್ಮುಗಳ ಮೇಲೂ ಅದೇ ಹಾಳೆ. ಎಲ್ಲ ನನ್ನ ಕೈಬರಹ. ಓಡಿಸುವವನು ನನ್ನ ತಮ್ಮ, ಹೊರಗಿನವರನ್ನು ನಂಬಲಾಗದಲ್ಲ.

ತಮ್ಮನಿಗೆ ಕಾರ್ಖಾನೆಯಲ್ಲಿ ಬ್ರೇಕು ಅಂತ ಅಡ್ಡಹೆಸರು. ನಾಯಿ ಬಂದರೂ ಬ್ರೇಕು, ಕೋಳಿ ಬಂದರೂ ಬ್ರೇಕು, ರಸ್ತೆಯಲ್ಲಿ ಪ್ಲಾಸ್ಟಿಕ್ ಚೀಲ ಹಾರಿದರೂ ಬ್ರೇಕು. ಅಮ್ಮ ಹೋದಾಗ ಅವನಿಗೆ ಏಳು, ನನಗೆ ಹದಿನಾರು. ಅವನಿಗೆ ಅಕ್ಷರ ತಿದ್ದಿಸಿದವಳು ನಾನು. ಅವನ ಲೈಸೆನ್ಸಿನ ಅರ್ಜಿ, ಬಾಡಿಗೆ ಮನೆಯ ಪತ್ರ, ಹೆಂಡತಿ ಮುನಿಸಿಕೊಂಡು ತವರಿಗೆ ಹೋದಾಗ ಬರೆದ ಕ್ಷಮಾಪಣೆಯ ಕಾಗದ, ಎಲ್ಲ ನನ್ನ ಕೈಯವೇ. ಏನೇ ಬಂದರೂ "ಅಕ್ಕ ಬರೆದಿದ್ದಾಳಾ? ಹಾಗಾದ್ರೆ ಸರಿ" ಅಂದು ಓದದೆ ಜೇಬಿಗೆ ಹಾಕಿಕೊಳ್ಳುವವನು.

ಸೋಪಿನ ನೀರನ್ನು ಊರು ಸುತ್ತಿಸುವುದು ಯಾಕೆ ಅಂತ ಮೊದಲ ವರ್ಷ ಕೇಳಿದ್ದ. "ವರ್ಷಕ್ಕೊಂದು ಸಲ ಚೆನ್ನಾಗಿ ಕುಲುಕಬೇಕು, ಇಲ್ದಿದ್ರೆ ಗಡ್ಡೆ ಕಟ್ಟುತ್ತೆ" ಅಂದಿದ್ದೆ. ನಂಬಿದ. ನಂಬಿದ್ದಷ್ಟೇ ಅಲ್ಲ, ಬೇರೆ ಡ್ರೈವರುಗಳ ಮುಂದೆ ಎದೆಯುಬ್ಬಿಸಿ ಹೇಳಿಕೊಂಡೂ ಬಂದ. ಸೋಪು ಕುಲುಕುವುದಕ್ಕೂ ಕೈ ಪಳಗಿರಬೇಕಂತೆ. ನಾನು ಮನೆಯಲ್ಲಿ ಬಾಗಿಲು ಹಾಕಿಕೊಂಡು ನಕ್ಕಿದ್ದೆ. ಆ ನಗುವನ್ನು ನೆನೆದರೆ ಈಗ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಈ ವರ್ಷದ ಎಣಿಕೆಗೂ ಅದೇ ಇನ್ಸ್‌ಪೆಕ್ಟರ್ ಬಂದ. ನಾವು ಕರೆಯುವುದು ಬೆರಳು ಸಾಹೇಬ ಅಂತ. ಪ್ರತಿ ಡ್ರಮ್ಮನ್ನೂ ತೋರುಬೆರಳಿನಿಂದ ಮುಟ್ಟಿ ಎಣಿಸುತ್ತಾನೆ, ಚಹಾ ಕೊಟ್ಟರೂ ಮುಟ್ಟುವುದಿಲ್ಲ. ಪ್ರಾಮಾಣಿಕ ಮನುಷ್ಯ. ಅವನು ಕೆಳಗೆ ಉಗ್ರಾಣದಲ್ಲಿ ಹದಿನೆಂಟನ್ನು ಎರಡನೇ ಸಲ ಎಣಿಸುತ್ತಿದ್ದಾಗ, ಮಹಡಿಯ ಮೇಲೆ ಮ್ಯಾನೇಜರನ ಕೋಣೆಯಲ್ಲಿ ನನ್ನ ಫೋನು ಹೊಡೆದುಕೊಂಡಿತು.

"ಅಕ್ಕಾ, ಗಾಬರಿ ಆಗ್ಬೇಡ," ಅಂದ ತಮ್ಮ.

"ಏನಾಯ್ತೋ?"

"ಸರ್ಕಲ್ ಹತ್ರ ನಾಯಿ ಅಡ್ಡ ಬಂತು, ಬ್ರೇಕ್ ಹಾಕ್ದೆ. ಹಿಂದೆ ಬರ್ತಿದ್ದ ಬೈಕ್‌ನವನು ಬಂದು ಗುದ್ದಿ ಬಿದ್ದ. ಅವನಿಗೇನೂ ಆಗಿಲ್ಲ, ಮೊಣಕೈ ತರಚಿದೆ ಅಷ್ಟೆ. ಜನ ಸೇರ್ಕೊಂಡು ನನಗೆ ಬಾರಿಸಿದ್ರು ನೋಡು! ಕೆಳಗೆ ಕೆಡವಿ ಒದ್ರು, ಕೈ ತುಳಿದ್ರು, ಒಬ್ಬನಂತೂ ಹೆಲ್ಮೆಟ್‌ನಲ್ಲೇ ತಲೆಗೆ ಹೊಡೆದ. ಪೊಲೀಸ್‌ನೋರು ಬಿಡಿಸಿ ಆಸ್ಪತ್ರೆಗೆ ಕರ್ಕೊಂಡು ಬಂದಿದಾರೆ."

"ಡ್ರಮ್ಮು?"

"ಒಂದು ಉರುಳಿತ್ತು, ಮುಚ್ಚಳ ಸಡಿಲ ಆಗಿತ್ತು. ಜನ ಸೇರೋಕ್ ಮುಂಚೆ ನಾನೇ ಹತ್ತಿ ಕೈಯಲ್ಲಿ ತಿರುಗಿಸಿ ಬಿಗಿ ಮಾಡ್ದೆ. ಚೆಲ್ಲಿದ್ದನ್ನ ಅಂಗಿ ಬಿಚ್ಚಿ ಒರೆಸ್ದೆ. ನಿನ್ನ ಸೋಪು ಜಾಸ್ತಿ ಹಾಳಾಗಿಲ್ಲ ಬಿಡು."

ನಾನು ಎದ್ದು ನಿಂತೆ. "ಕೈ ತೊಳ್ಕೊಂಡ್ಯಾ?"

ಅವನು ನಕ್ಕ. ಒಡೆದ ತುಟಿಯಲ್ಲಿ ನಕ್ಕಿದ್ದು ಫೋನಿನಲ್ಲೇ ಗೊತ್ತಾಯಿತು. "ಸೋಪು ಬಿದ್ದ ಕೈನ ಯಾರಾದ್ರೂ ತೊಳ್ಕೋತಾರಾ ಅಕ್ಕ?"

"ತೊಳ್ಕೋ! ನಲ್ಲಿ ಕೆಳಗೆ ಹಿಡಿ, ತೆಗೀಬೇಡ, ನಾನು ಬರೋವರೆಗೂ ತೆಗೀಬೇಡ!"

"ಆಯ್ತು ಆಯ್ತು. ನರ್ಸ್ ಕರೀತಿದಾರೆ," ಅಂದು ಇಟ್ಟುಬಿಟ್ಟ.

ಆಗಲೇ ಹೇಳಬಹುದಿತ್ತು. ಅದು ಸೋಪಲ್ಲ ಕಣೋ, ಆಸಿಡ್ಡು ಅನ್ನಲು ಒಂದು ಉಸಿರು ಸಾಕಿತ್ತು. ಎದುರಿಗೆ ಮ್ಯಾನೇಜರ್ ಕೂತಿದ್ದ, ಕೆಳಗೆ ಇನ್ಸ್‌ಪೆಕ್ಟರ್ ಇದ್ದ, ಹನ್ನೊಂದು ವರ್ಷದ ಅಭ್ಯಾಸ ನನ್ನ ಬಾಯಿ ಕಟ್ಟಿಹಾಕಿತು. ನನ್ನ ನಾಲಿಗೆ ನನ್ನ ತಮ್ಮನಿಗಿಂತ ಮೊದಲು ವರದಿಯನ್ನು ಕಾಪಾಡಿತು. ಪಶ್ಚಾತ್ತಾಪ ಅಂದೆನಲ್ಲ, ಇದಕ್ಕೆ. ಮರಳಿ ಫೋನು ಮಾಡಿದರೆ ಅವನು ಎತ್ತಲಿಲ್ಲ.

ಎಚ್ಚೆಫ್‌ಗೆ ಮದ್ದು ಒಂದೇ, ಕ್ಯಾಲ್ಸಿಯಂ. ಮೂಳೆಯ ಸುಣ್ಣ ತಿನ್ನಲು ಬಂದದ್ದಕ್ಕೆ ಬೇರೆ ಸುಣ್ಣ ಕೊಟ್ಟು ತಣಿಸುವುದು. ಅದರ ಮುಲಾಮು ಕಾರ್ಖಾನೆಯಲ್ಲಿ ಒಂದೇ ಕಡೆ ಇತ್ತು, ಮ್ಯಾನೇಜರನ ಬೆನ್ನ ಹಿಂದಿನ ಗಾಜಿನ ಬೀರುವಿನಲ್ಲಿ, ಬೀಗ ಹಾಕಿ.

"ಬೀಗದ ಕೈ ಕೊಡಿ ಸಾರ್."

ಅವನು ಎಲ್ಲ ಕೇಳಿಸಿಕೊಂಡಿದ್ದ. ಎದ್ದು ಹೋಗಿ ಕೋಣೆಯ ಬಾಗಿಲಿಗೆ ಚಿಲಕ ಹಾಕಿದ. "ಸಾಹೇಬ್ರು ಸಹಿ ಮಾಡಿ ಹೋಗ್ಲಿ. ಈಗ ಮುಲಾಮು ತಗೊಂಡು ಓಡಿದ್ರೆ ಯಾಕೆ ಅಂತ ಕೇಳಲ್ವಾ? ಅರ್ಧ ಗಂಟೆ, ಕೂತ್ಕೊಳ್ಳಿ."

"ಅರ್ಧ ಗಂಟೆಗೆ ಅವನ ಕೈ ಹೋಗುತ್ತೆ. ಜೀವಾನೂ ಹೋಗ್ಬಹುದು."

"ಆಸ್ಪತ್ರೇಲೇ ಇದಾನಲ್ಲ, ಅವರು ನೋಡ್ಕೋತಾರೆ."

"ಅವರಿಗೆ ಇದು ಏನು ಅಂತ ಗೊತ್ತಿಲ್ಲ! ನಾವು ಹೇಳೇ ಇಲ್ಲ!"

"ನಾವು ಅನ್ಬೇಡಿ," ಅಂದ. "ಐಡಿಯಾ ಯಾರದ್ದು? ಅಕ್ಷರ ಯಾರದ್ದು? ಒಳಗೆ ಹೋಗೋರು ನೀವು, ನಾನಲ್ಲ."

ನಾನು ಬೀರುವಿನ ಕಡೆ ನುಗ್ಗಿದೆ. ಅವನು ನನ್ನ ಮಣಿಕಟ್ಟು ಹಿಡಿದು ಬೆನ್ನ ಹಿಂದಕ್ಕೆ ತಿರುಚಿದ. ಭುಜ ಕಳಚಿಬಂದಂತಾಯಿತು. ಮೇಜಿಗೆ ಒತ್ತಿ ಹಿಡಿದು, "ಸುಮ್ನಿರೇ, ಸುಮ್ನಿರೇ" ಅಂತ ಕಿವಿಯಲ್ಲಿ ಹೇಳುತ್ತಿದ್ದ. ಹನ್ನೊಂದು ವರ್ಷ ಮೇಡಂ ಅಂದ ಬಾಯಿ ಅದು. ನನ್ನ ಕನ್ನಡಕ ಕೆಳಗೆ ಬಿದ್ದು ಅವನ ಬೂಟಿನಡಿ ನುಚ್ಚಾಯಿತು. ನನ್ನ ಇನ್ನೊಂದು ಕೈಗೆ ಪೇಪರ್‌ವೇಟ್ ಸಿಕ್ಕಿತು. ಕಾರ್ಖಾನೆಯ ಬೆಳ್ಳಿಹಬ್ಬಕ್ಕೆ ನಮ್ಮದೇ ಗಾಜಿನಲ್ಲಿ ಮಾಡಿಸಿದ್ದು, ಅರ್ಧ ಇಟ್ಟಿಗೆಯಷ್ಟು ಭಾರ. ಕತ್ತು ತಿರುಗಿಸಿ ಅವನ ಮುಖದ ಮಧ್ಯಕ್ಕೆ ಬಿಟ್ಟೆ. ಒಣ ಕಡ್ಡಿ ಮುರಿದ ಸದ್ದು ಬಂತು. ಅವನು ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡು ನೆಲಕ್ಕೆ ಕುಸಿದ, ಬೆರಳ ಸಂದಿಯಿಂದ ರಕ್ತ ಅಂಗಿಯ ಮೇಲೆ ಹರಿಯಿತು. ಅದೇ ಪೇಪರ್‌ವೇಟಿನಿಂದ ಬೀರುವಿನ ಗಾಜು ಒಡೆದೆ. ಚೂರುಗಳು ಮೊಣಕೈವರೆಗೂ ಕೊಯ್ದವು. ನಾಲ್ಕು ಟ್ಯೂಬ್ ಸಿಕ್ಕವು. ಮ್ಯಾನೇಜರ್ ನನ್ನ ಕಾಲು ಹಿಡಿದ. ಒದ್ದೆ. ಎರಡು ಸಲ ಒದ್ದೆ. ಎರಡನೆಯದು ಬೇಕಿರಲಿಲ್ಲ, ಆದರೂ ಒದ್ದೆ.

ಚಿಲಕ ತೆಗೆದು ಇಳಿದರೆ ಮೆಟ್ಟಿಲ ಕೆಳಗೆ ಬೆರಳು ಸಾಹೇಬ ಪೆನ್ನು ಹಿಡಿದು ನಿಂತಿದ್ದ. "ಐವತ್ತೆಂಟು ಡ್ರಮ್ ಸಾರ್, ಹದಿನೆಂಟಲ್ಲ! ನಲವತ್ತು ಸರ್ಕಲ್‌ನಲ್ಲಿ ಲಾರಿ ಮೇಲಿದೆ!" ಅಂತ ಕಿರುಚಿ ಓಡಿದೆ. ಹಿಂದಿನಿಂದ ಮ್ಯಾನೇಜರ್ ಮೂಗಿನಲ್ಲೇ ಕೂಗುತ್ತಿದ್ದ: "ಹಿಡೀರಿ ಅವಳನ್ನ! ತಲೆ ಕೆಟ್ಟಿದೆ ಅವಳಿಗೆ!" ಸಾಹೇಬ ನನ್ನ ಕೈಯ ರಕ್ತ ನೋಡಿದ, ತನ್ನ ಬೆರಳು ನೋಡಿಕೊಂಡ. ಆ ಬೆರಳು ಹದಿನೆಂಟು ಮುಟ್ಟಿತ್ತು.

ಸಿಕ್ಕ ಗಾಡಿ ಹತ್ತಿ ಅಗ್ನಿಶಾಮಕದವರಿಗೆ ಫೋನು ಮಾಡಿದೆ. ಲಾರಿಯ ಹತ್ತಿರ ಯಾರನ್ನೂ ಬಿಡಬೇಡಿ, ಅದು ಎಚ್ಚೆಫ್ ಅಂದೆ. ಆ ಕಡೆಯವನು ಪಟ್ಟಿ ತಿರುವಿಹಾಕುವ ಸದ್ದು ಕೇಳಿಸಿತು. "ನಮ್ಮ ಪಟ್ಟೀಲಿ ನಿಮ್ಮ ಕಾರ್ಖಾನೇನೇ ಇಲ್ವಲ್ಲಮ್ಮ" ಅಂದ. ಇಲ್ಲದಂತೆ ನೋಡಿಕೊಂಡವಳು ನಾನು ತಾನೇ. ಆದರೂ ಅವನು ಒಳ್ಳೆಯವನು, ಹಗ್ಗ ಕಟ್ಟಿ ಕಾಯುತ್ತೇವೆ ಅಂದ.

ಆಸ್ಪತ್ರೆಯ ಬಾಗಿಲಲ್ಲೇ ತಮ್ಮನ ಕಿರುಚಾಟ ಕೇಳಿಸಿತು. ಅವನು ಕಿರುಚುವವನಲ್ಲ. ಹಲ್ಲು ಕೀಳಿಸಿಕೊಂಡಾಗಲೂ ಕಣ್ಣು ಮಿಟುಕಿಸಿ ಕೂತಿದ್ದವನು. ಮಂಚದ ಕಂಬಿಗೆ ಹಣೆ ಚಚ್ಚಿಕೊಳ್ಳುತ್ತಿದ್ದ, ಇಬ್ಬರು ಹಿಡಿದಿದ್ದರು. ಒಂದು ಕಣ್ಣು ಊದಿ ಮುಚ್ಚಿಹೋಗಿತ್ತು. ಬಲಗೈಯ ಬೆರಳುಗಳು ಮೇಣದಂತೆ ಬಿಳಿಚಿ, ಉಗುರಿನ ಅಡಿ ಬೂದಿ ಬಣ್ಣಕ್ಕೆ ತಿರುಗಿದ್ದವು.

"ಕೈ ತುಳಿದಿದಾರೆ, ಮೂಳೆ ಮುರಿದಿರ್ಬೇಕು. ಎಕ್ಸ್‌ರೇಗೆ ಕಳಿಸ್ತಿದೀನಿ," ಅಂದ ಡ್ಯೂಟಿ ಡಾಕ್ಟರ್. ಕಣ್ಣ ಕೆಳಗೆ ಕಪ್ಪಾಗಿದ್ದ, ದಣಿದ ಹುಡುಗ.

"ಅದು ಮುರಿತ ಅಲ್ಲ, ಆಸಿಡ್. ಹೈಡ್ರೋಫ್ಲೋರಿಕ್. ಕ್ಯಾಲ್ಸಿಯಂ ಕೊಡಿ, ಈಗಲೇ ಕೊಡಿ. ಎದೆ ಬಡಿತ ನೋಡ್ತಿರಿ."

ನನ್ನ ಕೆದರಿದ ತಲೆ, ರಕ್ತದ ಕೈ ಎಲ್ಲ ನೋಡಿದ ಡಾಕ್ಟರ್ ಏನಾದರೂ ಹೇಳುವ ಮೊದಲೇ ತಮ್ಮ ಬಾಯಿ ಬಿಟ್ಟ. "ಅಲ್ಲ ಡಾಕ್ಟ್ರೇ, ಸೋಪು ಅದು! ಸೋಪಿನ ನೀರು! ನಮ್ಮಕ್ಕ ಹೆದರ್ಕೊಂಡಿದಾಳೆ ಅಷ್ಟೆ. ಪ್ಯಾಂಟ್ ಜೇಬಲ್ಲಿ ಚೀಟಿ ಇದೆ ನೋಡಿ, ಅವಳೇ ಬರೆದಿರೋದು. ಅವಳು ಬರೆದಿದ್ದು ಯಾವತ್ತೂ ತಪ್ಪಾಗಿಲ್ಲ!"

ಡಾಕ್ಟರ್ ಚೀಟಿ ಓದಿ ನನ್ನ ಕಡೆ ಹಿಡಿದ. "ಇದು ನಿಮ್ಮ ಕೈಬರಹಾನಾ?"

"ಹೌದು. ಸುಳ್ಳು ಬರೆದಿದ್ದೆ."

"ಈಗ ಹೇಳ್ತಿರೋದು ನಿಜ, ಅದು ಸುಳ್ಳು ಅಂತೀರಿ. ಯಾವುದನ್ನ ನಂಬ್ಲಿ?" ಚೀಟಿಯಲ್ಲಿದ್ದ ಕಾರ್ಖಾನೆಯ ನಂಬರಿಗೆ ಫೋನು ಮಾಡಿದ. ಮ್ಯಾನೇಜರನ ಧ್ವನಿ ನನಗೂ ಕೇಳುವಷ್ಟು ಜೋರಾಗಿತ್ತು: ಅವಳು ನನ್ನ ಮೇಲೆ ಹಲ್ಲೆ ಮಾಡಿ ಓಡಿದ್ದಾಳೆ, ನಮ್ಮ ಡ್ರಮ್ ಒಂದೂ ಹೊರಗೆ ಹೋಗಿಲ್ಲ, ಬೇಕಿದ್ದರೆ ಇನ್ಸ್‌ಪೆಕ್ಟರನ್ನೇ ಕೇಳಿ. ಆಮೇಲೆ ಬೆರಳು ಸಾಹೇಬ ಮಾತಾಡಿದ. "ವರದಿ ಪ್ರಕಾರ ಹದಿನೆಂಟು. ನಾನೇ ಮುಟ್ಟಿ ಎಣಿಸಿದೀನಿ. ಒಂದೂ ಸೋರಿಲ್ಲ."

ಅಲ್ಲಿಗೆ ನನ್ನ ಎರಡು ಕಾಗದಗಳು ಸೇರಿಕೊಂಡು ನನ್ನ ಬಾಯಿ ಮುಚ್ಚಿಸಿದವು. ಡಾಕ್ಟರ್ ವಾರ್ಡಿನವರಿಗೆ ಎಕ್ಸ್‌ರೇಗೆ ಕರೆದುಕೊಂಡು ಹೋಗಿ ಅಂದ. ಗಾಲಿ ಮಂಚ ಅಲುಗಿತು. ತಮ್ಮ ಅಮ್ಮಾ ಅಂತ ಒಮ್ಮೆ ಕೂಗಿ, ಹಲ್ಲಿನಿಂದ ತನ್ನ ತುಟಿಯನ್ನೇ ಕಚ್ಚಿ ಹರಿದುಕೊಂಡ.

ಮಂಚದ ಕೆಳಗೆ ಅವನ ಅಂಗಿ ಬಿದ್ದಿತ್ತು, ಇನ್ನೂ ಒದ್ದೆ. ಮಂಚಕ್ಕೆ ಅಡ್ಡ ನಿಂತು, ಟ್ರೇಯಲ್ಲಿದ್ದ ಇಕ್ಕಳದಿಂದ ಅಂಗಿ ಎತ್ತಿದೆ. ಡಾಕ್ಟರನ ಮೇಜಿನ ಮೇಲಿದ್ದ ಗಾಜಿನ ಲೋಟದ ನೀರು ಚೆಲ್ಲಿ, ಅಂಗಿಯ ತೋಳನ್ನು ಅದರೊಳಗೆ ತುರುಕಿದೆ. ಒಬ್ಬ ವಾರ್ಡಿನವನು ನನ್ನ ಜಡೆ ಹಿಡಿದು ಹಿಂದಕ್ಕೆ ಎಳೆದ. ಇನ್ನೊಬ್ಬ ಹೊಟ್ಟೆಗೆ ಮೊಣಕಾಲು ಕೊಟ್ಟ. ಲೋಟ ಹಿಡಿದ ಕೈ ಮಾತ್ರ ನಾನು ಬಿಡಲಿಲ್ಲ. "ನೂರು ಎಣಿಸಿ! ನೂರು ಎಣಿಸೋವರೆಗೆ ಬಿಡಿ, ಆಮೇಲೆ ಕೊಂದುಹಾಕಿ!" ಅಂತ ಅರಚಿದೆ. ನೆಲಕ್ಕೆ ಕೆಡವಿದರು. ನನ್ನ ಗಲ್ಲ ನೆಲಕ್ಕೆ ಬಡಿದು ಬಾಯಿ ತುಂಬ ರಕ್ತ ಬಂತು. ಲೋಟ ನನ್ನ ಕೈಯಲ್ಲಿ ಉರುಳದೆ ನಿಂತೇ ಇತ್ತು.

ಡಾಕ್ಟರ್ ಎಣಿಸಿದನೋ ಇಲ್ಲವೋ ಗೊತ್ತಿಲ್ಲ. ಕೈಗವಸು ಹಾಕಿಕೊಂಡು ಇಕ್ಕಳದಿಂದ ಅಂಗಿ ಹೊರಗೆಳೆದ, ಲೋಟವನ್ನು ನಲ್ಲಿ ಕೆಳಗೆ ತೊಳೆದ, ಬಟ್ಟೆಯಿಂದ ಒರೆಸಿದ. ಮತ್ತೆ ಒರೆಸಿದ. ಲೋಟದ ಕೆಳಗಿನರ್ಧ ಹಾಲಿನ ಬಣ್ಣಕ್ಕೆ ತಿರುಗಿತ್ತು, ಉಗುರಿನಿಂದ ಕೆರೆದರೂ ಹೋಗಲಿಲ್ಲ. ಬಚ್ಚಲುಮನೆಯ ಕಿಟಕಿ, ಅಷ್ಟೆ.

"ಅವರನ್ನ ಬಿಡಿ," ಅಂದ. ಅವನ ಮುಖ ಲೋಟಕ್ಕಿಂತ ಬಿಳಿಚಿತ್ತು. "ಎಷ್ಟು ಹೊತ್ತಾಯ್ತು ಬಿದ್ದು?"

"ಎರಡು ಗಂಟೆ."

ಆಮೇಲಿನದ್ದನ್ನು ಹೇಳಲು ನನಗೆ ಮನಸ್ಸಿಲ್ಲ, ಆದರೂ ಹೇಳುತ್ತೇನೆ. ನನ್ನ ವರದಿಗಳಲ್ಲಿ ಬಿಟ್ಟುಹೋದದ್ದು ಸಾಕು. ಮರಗಟ್ಟಿಸುವ ಮದ್ದು ಕೊಡಲಿಲ್ಲ. ನೋವು ಇಳಿಯುವುದೇ ಗುರುತಂತೆ, ಮರಗಟ್ಟಿಸಿದರೆ ಮದ್ದು ಹಿಡಿಯಿತೋ ಇಲ್ಲವೋ ತಿಳಿಯುವುದಿಲ್ಲವಂತೆ. ನನ್ನ ಟ್ಯೂಬಿನ ಮುಲಾಮನ್ನು ಕೈಗವಸಿನೊಳಗೆ ತುಂಬಿ ಎಡಗೈಗೆ ಹಾಕಿದರು. ಆ ಕೈಗೆ ಕಡಿಮೆ ತಗುಲಿತ್ತು, ಉಳಿಯಿತು. ಬಲಗೈಯ ಮೂರು ಉಗುರುಗಳ ಅಡಿ ಆಸಿಡ್ ಸೇರಿಕೊಂಡಿತ್ತು. ಇಕ್ಕಳ ಹಾಕಿ ಒಂದೊಂದನ್ನೇ ಕಿತ್ತರು. ಕಿತ್ತ ಜಾಗಕ್ಕೆ ಕ್ಯಾಲ್ಸಿಯಂ ಸೂಜಿ ಚುಚ್ಚಿದರು. ನಾನು ಅವನ ಎದೆಯ ಮೇಲೆ ಬಿದ್ದು ಒತ್ತಿ ಹಿಡಿದಿದ್ದೆ. ಅವನು ನನ್ನ ಭುಜಕ್ಕೆ ಹಲ್ಲು ಊರಿದ. ಬಿಡಿಸಿಕೊಳ್ಳಲಿಲ್ಲ. ಒಮ್ಮೆ ಎದೆಬಡಿತ ತೋರಿಸುವ ಯಂತ್ರದ ಗೆರೆ ತಪ್ಪಿತಪ್ಪಿ ಓಡಿ, ಅವನ ಹಲ್ಲಿನ ಹಿಡಿತ ಸಡಿಲವಾಯಿತು. ಡಾಕ್ಟರ್ ನನ್ನನ್ನು ಆಚೆ ತಳ್ಳಿ ಅವನ ಎದೆಯ ಮೇಲೆ ಎರಡು ಕೈ ಇಟ್ಟು ಗುದ್ದಿ ಗುದ್ದಿ ಒತ್ತಿದ. ಪಕ್ಕೆಲುಬು ಮುರಿದದ್ದು ನನಗೆ ಕೇಳಿಸಿತು. ಗೆರೆ ಮತ್ತೆ ಎದ್ದಿತು.

ಉಳಿದ. ಮೂರನೇ ದಿನ ಬಲಗೈಯ ಎರಡು ಬೆರಳು ತೆಗೆದರು.

ಐದನೇ ದಿನ ಬೆಳಿಗ್ಗೆ ಬೆರಳು ಸಾಹೇಬ ವಾರ್ಡಿಗೆ ಬಂದ. ಸರ್ಕಲ್ಲಿಗೆ ತಾನೇ ಹೋಗಿ ಲಾರಿಯ ಮೇಲಿನ ನಲವತ್ತನ್ನೂ ಮುಟ್ಟಿ ಎಣಿಸಿದ್ದನಂತೆ, ಈ ಸಲ ಕೈಗವಸು ಹಾಕಿಕೊಂಡು. ನನ್ನ ಮುಖ ನೋಡಲಿಲ್ಲ. ಹೊಸ ಫಾರಮ್ ತೆಗೆದು ತಮ್ಮನ ಪಕ್ಕ ಸ್ಟೂಲು ಎಳೆದುಕೊಂಡ. ಸೋಪಿನ ಚೀಟಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ತಂದಿದ್ದ.

"ಮ್ಯಾನೇಜರ್ ಹೇಳ್ತಾರೆ ಇದನ್ನ ನೀನೇ ಬರೆದೆ ಅಂತ. ಡ್ರಮ್ ಕದ್ದು ಮಾರೋಕೆ ಹೊರಟಿದ್ದೆ ಅಂತ. ಯಾರ ಕೈಬರಹ ಇದು?"

ತಮ್ಮ ಊದಿಲ್ಲದ ಕಣ್ಣಿನಿಂದ ಚೀಟಿಯನ್ನು ನೋಡುತ್ತಾ ಇದ್ದ. ಅವನಿಗೆ ಅಕ್ಷರ ತಿದ್ದಿಸಿದ ಕೈ ಯಾವುದು ಅಂತ ಅವನಿಗೆ ಗೊತ್ತಿರಲಿಲ್ಲವೇ? ಆಸ್ಪತ್ರೆಗೆ ಬಂದ ದಿನ ಎಲ್ಲರ ಮುಂದೆ ಕೂಗಿ ಹೇಳಿದ್ದವನು. ಐದು ದಿನದಿಂದ ನನ್ನ ಜೊತೆ ಒಂದು ಮಾತೂ ಆಡಿರಲಿಲ್ಲ, ನೀರು ಕುಡಿಸಿದರೆ ಕುಡಿಯುತ್ತಿದ್ದ ಅಷ್ಟೆ.

"ಗೊತ್ತಿಲ್ಲ ಸಾರ್," ಅಂದ. "ಆವತ್ತು ನೋವಲ್ಲಿ ಏನೇನೋ ಅಂದಿರ್ಬೇಕು. ಯಾರು ಬರೆದಿದ್ರೋ, ನನಗೆ ಗೊತ್ತಿಲ್ಲ."

ಸಾಹೇಬ ಪೆನ್ನಿನ ಮುಚ್ಚಳ ತೆಗೆದು ಗೊತ್ತಿಲ್ಲ ಅಂತ ಬರೆಯಲು ಶುರುಮಾಡಿದ. ಒಂದು ಕ್ಷಣ, ಮುಚ್ಚಿಡುವುದಿಲ್ಲ, ಒಂದೇ ಕ್ಷಣ, ಬರೆದುಕೊಳ್ಳಲಿ ಅಂದುಕೊಂಡೆ. ಆಮೇಲೆ ಸ್ಟೂಲಿನ ಮುಂದೆ ಹೋಗಿ ಅವನ ಕೈಯಿಂದ ಪೆನ್ನು ಕಿತ್ತುಕೊಂಡೆ.

"ನನ್ನದು. ಚೀಟಿ ನನ್ನದು, ಡ್ರಮ್ ಮೇಲಿನ ಹಾಳೆ ನನ್ನದು, ಹನ್ನೊಂದು ವರ್ಷದ ವರದಿಯೂ ನನ್ನದೇ. ಇವನಿಗೆ ಏನೂ ಗೊತ್ತಿರಲಿಲ್ಲ. ಫಾರಮ್ ಕೊಡಿ."

ಐವತ್ತೆಂಟು ಅಂತ ಬರೆದೆ. ಹನ್ನೊಂದು ವರ್ಷದ ಒಂದೊಂದು ಸಾಲನ್ನೂ ಬರೆದೆ. ಗಾಯಗೊಂಡವರು: ಒಬ್ಬ. ಕಾರಣ ಅನ್ನುವ ಕಡೆ, ಡ್ರಮ್ಮಿನಲ್ಲಿ ಸೋಪಿದೆ ಎಂದು ಅಕ್ಕ ಬರೆದುಕೊಟ್ಟದ್ದನ್ನು ನಂಬಿ ಬರಿಗೈಯಲ್ಲಿ ಮುಟ್ಟಿದ್ದು, ಅಂತ ಬರೆದೆ. ಸಹಿ ಮಾಡಿದೆ. ಸಾಹೇಬ ಅದನ್ನು ನಿಧಾನವಾಗಿ ಓದಿ, ನಾಳೆ ಪೊಲೀಸರು ಬರುತ್ತಾರೆ, ಊರು ಬಿಟ್ಟು ಹೋಗಬೇಡಿ ಅಂದು ಎದ್ದು ಹೋದ.

ಅವನು ಬಾಗಿಲು ದಾಟಿದ ಮೇಲೆ ತಮ್ಮ ಕರೆದ. "ಅಕ್ಕಾ. ಬಾ ಇಲ್ಲಿ."

ಬಗ್ಗಿದೆ. ಪಟ್ಟಿ ಸುತ್ತಿದ ಬಲಗೈ ಎತ್ತಿ ನನ್ನ ಕೆನ್ನೆಗೆ ಬಾರಿಸಿದ. ಐದು ದಿನ ಅನ್ನ ಸರಿಯಾಗಿ ತಿನ್ನದವನಿಗೆ ಅಷ್ಟು ಬಲ ಎಲ್ಲಿತ್ತೋ, ಕಣ್ಣು ಕತ್ತಲೆ ಕಟ್ಟಿ ಮಂಚದ ಕಂಬಿ ಹಿಡಿದುಕೊಂಡೆ.

"ಇದು ಸೋಪಿಗೆ," ಅಂದ.

ಅವನ ಹೊಲಿಗೆ ಬಿಚ್ಚಿತ್ತು. ಇಲ್ಲದ ಎರಡು ಬೆರಳುಗಳ ಜಾಗದಲ್ಲಿ ಪಟ್ಟಿ ಕೆಂಪಾಗುತ್ತಾ ಬಂತು. ಹೊಡೆದ ಕೈಯನ್ನು ಎದೆಗೆ ಅವುಚಿಕೊಂಡು, ಮುಖ ಗೋಡೆಗೆ ತಿರುಗಿಸಿ ಅಳಲು ಶುರುಮಾಡಿದ, ಅಮ್ಮ ಹೋದ ದಿನ ಅತ್ತಹಾಗೆ. ಆವತ್ತು ಅವನ ತಲೆ ನನ್ನ ಮಡಿಲಲ್ಲಿತ್ತು. ಇವತ್ತು ಮುಟ್ಟಲು ಧೈರ್ಯ ಬರಲಿಲ್ಲ. ಕೆನ್ನೆ ಒರೆಸಿಕೊಂಡು ನರ್ಸನ್ನು ಕರೆಯಲು ಹೋದೆ.